ದರ್ಜಿಯ ಸ್ನಾಯು

ಕಳೆದ ಮಳೆಗಾಲದಲ್ಲಿ ಆಫೀಸಿನ ಹುಡುಗರ ಜೊತೆ ಸಿಂಹಗಡ ಹತ್ತಿ ಇಳಿದ ಮರುದಿನ ನನ್ನ ಎಡ ಮೊಣಕಾಲಿನ ಒಳಬದಿ ಹಿಡಿದುಕೊಂಡಿತು. ನಲವತ್ತಾರರ ವಯಸ್ಸು, ದಿನಕ್ಕೆ ಹತ್ತು ಗಂಟೆ ಕುರ್ಚಿ, ಅದರ ಮೇಲೆ ವರ್ಷಕ್ಕೊಮ್ಮೆ ಬರುವ ಇಂಥ ಹುರುಪು, ಆಗಬೇಕಾದದ್ದೇ ಆಗಿತ್ತು. ನಾಲ್ಕು ದಿನ ಮುಲಾಮು ಹಚ್ಚಿ ನೋಡಿ, ಐದನೆಯ ದಿನ ಮನೆ ಹತ್ತಿರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ತರುಣಿ ಮೊಣಕಾಲನ್ನು ಒತ್ತಿ, ತಿರುಗಿಸಿ ನೋಡಿ, ಗೋಡೆಯ ಮೇಲಿದ್ದ ಚಿತ್ರಪಟದತ್ತ ಪೆನ್ನು ತೋರಿಸಿದಳು. ಚರ್ಮ ಸುಲಿದ ಮನುಷ್ಯನೊಬ್ಬ ಅದರಲ್ಲಿ ಅಂಗೈ ಮುಂದೆ ಮಾಡಿ ನಿಂತಿದ್ದ. ಸೊಂಟದ ಎಲುಬಿನ ಮುಂದಿನ ತುದಿಯಿಂದ ಹೊರಟು, ತೊಡೆಯನ್ನು ಓರೆಯಾಗಿ ದಾಟಿ, ಮೊಣಕಾಲಿನ ಒಳಬದಿಗೆ ಇಳಿಯುವ ಒಂದು ಉದ್ದನೆಯ ಕೆಂಪು ಪಟ್ಟಿ. "ಸಾರ್ಟೋರಿಯಸ್" ಅಂದಳು. ನನ್ನ ಮುಖ ನೋಡಿ ಮರಾಠಿಯಲ್ಲಿ ಬಿಡಿಸಿ ಹೇಳಿದಳು: "ಶಿಂಪ್ಯಾಚಾ ಸ್ನಾಯೂ." ಶಿಂಪಿ ಅಂದರೆ ನಮ್ಮ ಕಡೆಯ ಸಿಂಪಿಗ. ದರ್ಜಿಯ ಸ್ನಾಯು.

ನಾನು ದರ್ಜಿಯ ಮಗ. ಗದಗಿನ ಒಂದು ಟೇಲರಿಂಗ್ ಅಂಗಡಿಯಲ್ಲಿ ಅಪ್ಪ ನಲವತ್ತು ವರ್ಷ ದುಡಿದ. ಮೊದಲ ಹತ್ತು ವರ್ಷ ಅವನಿಗೆ ಹೊಲಿಗೆ ಯಂತ್ರ ಮುಟ್ಟುವ ಭಾಗ್ಯವೂ ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಬೇರೆಯವರು ಹೊಲಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವುದೇ ಕೆಲಸ. ಅವ್ವ ತೀರಿಕೊಂಡ ಮೇಲೆ, ಈಗ ನಾಲ್ಕು ವರ್ಷಗಳಿಂದ, ಪುಣೆಯಲ್ಲಿ ನಮ್ಮ ಜೊತೆ ಇದ್ದಾನೆ. ಎಪ್ಪತ್ತಾರು ವಯಸ್ಸು. ಈಗಲೂ ಸೋಫಾದ ಮೇಲೆ ಕಾಲು ಮಡಚಿಯೇ ಕೂರುತ್ತಾನೆ.

ಕಾಲುನೋವು ಶುರುವಾದ ವಾರವೇ ಅಪ್ಪ ಒಂದು ಫಾರ್ಮು ತಂದು ನನ್ನ ಲ್ಯಾಪ್‌ಟಾಪಿನ ಮೇಲೆ ಇಟ್ಟಿದ್ದ. ಸೊಸೈಟಿಯ ಗಾರ್ಡನ್ನಿನಲ್ಲಿ ಸಂಜೆ ಕೂಡುವ ಹಿರಿಯರ ಗುಂಪಿನಲ್ಲಿ ಯಾರೋ ಹಂಚಿದ್ದಂತೆ. ದೇಹದಾನದ ಫಾರ್ಮು. ಅಪ್ಪ ತನ್ನ ಭಾಗ ತುಂಬಿ ಸಹಿ ಮಾಡಿದ್ದ. ಕೆಳಗೆ ಹತ್ತಿರದ ಸಂಬಂಧಿಕರ ಒಪ್ಪಿಗೆಯ ಜಾಗ ಖಾಲಿ ಇತ್ತು.

"ಏನಪಾ ಇದು?"

"ನಾ ಹ್ವಾದ ಮ್ಯಾಲೆ ಕಲಿಯೂ ಹುಡುಗರಿಗೆ ಕೊಟ್ಟಬಿಡು. ಸಹಿ ಮಾಡು ತಮ್ಮಾ."

ಆಮೇಲೆ ನೋಡೋಣ ಅಂದೆ. ಆಫೀಸಿನಲ್ಲಿ ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. ಫಾರ್ಮನ್ನು ಕರೆಂಟ್ ಬಿಲ್ಲುಗಳ ಕೆಳಗೆ ಸರಿಸಿದೆ. ಆದರೆ ಕ್ಲಿನಿಕ್ಕಿನಿಂದ ಕುಂಟುತ್ತ ಬಂದ ರಾತ್ರಿ, ಆ ಹೆಸರು ಮತ್ತು ಈ ಫಾರ್ಮು ಎರಡೂ ಒಂದೇ ಕಡೆ ಎಳೆಯತೊಡಗಿದವು. ಮುಂದಿನ ಕೆಲವು ವಾರ ನಾನು ಓದಿದ್ದು, ಯೋಚಿಸಿದ್ದು, ಅಪ್ಪನ ಜೊತೆ ಜಗಳ ಆಡಿದ್ದು ಇಲ್ಲಿದೆ. ನಾನು ವೈದ್ಯನಲ್ಲ, ಲ್ಯಾಟಿನ್ ಪಂಡಿತನೂ ಅಲ್ಲ. ಒಂದು ಶಬ್ದದ ಬೆನ್ನು ಹತ್ತಿ ಹೋದವನು.

ಮೊದಲು ಸ್ನಾಯು ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಮಸಲ್ ಬಂದದ್ದು ಲ್ಯಾಟಿನ್ನಿನ ಮಸ್ಕ್ಯುಲಸ್‌ನಿಂದ. ಅದರರ್ಥ ಪುಟ್ಟ ಇಲಿ. ತೋಳು ಮಡಚಿ ಬಿಗಿ ಮಾಡಿದಾಗ ಚರ್ಮದಡಿ ಏನೋ ಓಡಾಡಿದಂತೆ ಕಾಣುತ್ತದಲ್ಲ, ಅದು ಆ ಕಾಲದವರಿಗೆ ಬಟ್ಟೆಯ ಕೆಳಗೆ ಹೊಕ್ಕ ಇಲಿಯಂತೆ ಕಂಡಿರಬೇಕು. ಗ್ರೀಕರಲ್ಲೂ ಇಲಿಗೂ ಸ್ನಾಯುವಿಗೂ ಒಂದೇ ಶಬ್ದ. ಲ್ಯಾಟಿನ್ನಿನ ಮೂಸ್, ನಮ್ಮ ಗಣಪತಿಯ ಮೂಷಿಕ ಎರಡೂ ಒಂದೇ ಹಳೆಯ ಬೇರಿನ ಚಿಗುರುಗಳು. ನಮ್ಮ ಸ್ನಾಯುವಿನ ಕಥೆಯೂ ಕಡಿಮೆಯದಲ್ಲ. ಸುಶ್ರುತ ಸಂಹಿತೆಯಲ್ಲಿ 500 ಪೇಶಿಗಳು, 900 ಸ್ನಾಯುಗಳು ಅಂತ ಬೇರೆ ಬೇರೆ ಲೆಕ್ಕವಿದೆ. ಅಲ್ಲಿ ಪೇಶಿ ಅಂದರೆ ಮಾಂಸಖಂಡ, ಸ್ನಾಯು ಅಂದರೆ ಕೀಲುಗಳನ್ನು ಬಿಗಿದಿಡುವ ನಾರಿನಂಥ ಕಟ್ಟು. ಹಿಂದಿಯವರು ಮಾಂಸಪೇಶಿ ಅನ್ನುತ್ತಾರೆ. ಕನ್ನಡ ಮತ್ತು ಮರಾಠಿ ಸ್ನಾಯುವನ್ನು ಮಾಂಸಖಂಡಕ್ಕೆ ಅಂಟಿಸಿದವು. ನನ್ನ ತಂಡದ ಬಂಗಾಳಿ ಹುಡುಗಿಗೆ ಸ್ನಾಯು ಅಂದರೆ ನರ. ಊರು ಬಿಟ್ಟ ಶಬ್ದ ಹೋದ ಊರಿನಲ್ಲಿ ಸಿಕ್ಕ ಕೆಲಸ ಹಿಡಿಯುತ್ತದೆ, ನಮ್ಮ ಹಾಗೆಯೇ.

ದೇಹದಲ್ಲಿರುವ ಆರುನೂರಕ್ಕೂ ಹೆಚ್ಚು ಸ್ನಾಯುಗಳಿಗೆ ಹೆಸರಿಡುವಾಗ ಯುರೋಪಿನವರು ಹಲವು ದಾರಿ ಹಿಡಿದರು. ತಲೆ ಎರಡಿದ್ದರೆ ಬೈಸೆಪ್ಸ್, ಮೂರಿದ್ದರೆ ಟ್ರೈಸೆಪ್ಸ್. ಗ್ರೀಕರ ಡೆಲ್ಟಾ ಅಕ್ಷರದಂತೆ ತ್ರಿಕೋನವಾಗಿದ್ದರೆ ಡೆಲ್ಟಾಯ್ಡ್. ದೊಡ್ಡದಕ್ಕೆ ಮ್ಯಾಕ್ಸಿಮಸ್, ಚಿಕ್ಕದಕ್ಕೆ ಮಿನಿಮಸ್. ಆಕಾರ, ಗಾತ್ರ, ಜಾಗ, ಕೆಲಸ. ಕಸುಬಿನ ಹೆಸರು ಹೊತ್ತ ಸ್ನಾಯುಗಳು ಅಪರೂಪ. ಕೆನ್ನೆಯಲ್ಲಿ ಬಕ್ಸಿನೇಟರ್ ಇದೆ, ಕಹಳೆ ಊದುವವನು. ತೊಡೆಯಲ್ಲಿ ಸಾರ್ಟೋರಿಯಸ್, ಬಟ್ಟೆ ಹೊಲಿಯುವವನು. ಮನುಷ್ಯ ದೇಹದ ಅತಿ ಉದ್ದದ ಸ್ನಾಯು ಈ ದರ್ಜಿಯದೇ.

ಆಧುನಿಕ ಅಂಗರಚನಾಶಾಸ್ತ್ರದ ತಂದೆ ಅನ್ನಿಸಿಕೊಂಡ ವೆಸಾಲಿಯಸ್ 1543ರಲ್ಲಿ ತನ್ನ ಮಹಾಗ್ರಂಥ ಅಚ್ಚು ಹಾಕಿಸಿದಾಗ ಹೆಚ್ಚಿನ ಸ್ನಾಯುಗಳಿಗೆ ಹೆಸರಿಡಲಿಲ್ಲ, ನಂಬರು ಕೊಟ್ಟ. ಕಾಲನ್ನು ಎಳೆಯುವ ಸ್ನಾಯುಗಳಲ್ಲಿ ಒಂದನೆಯದು, ಎರಡನೆಯದು, ಹೀಗೆ. ನೆನಪಿಟ್ಟುಕೊಳ್ಳಲು ಕಷ್ಟವಾಗಿ ಮುಂದಿನವರು ಹೆಸರುಗಳನ್ನು ಹುಡುಕಿದರು. ಸಾರ್ಟೋರಿಯಸ್ ಅನ್ನುವ ಹೆಸರಿನ ಶ್ರೇಯಸ್ಸು ಸಾಮಾನ್ಯವಾಗಿ ಹೋಗುವುದು ಆಡ್ರಿಯಾನ್ ವಾನ್ ಡೆನ್ ಸ್ಪೀಗೆಲ್‌ಗೆ. 1578ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿ, ಇಟಲಿಯ ಪಾದುವಾದಲ್ಲಿ ಕಲಿತು, ಅಲ್ಲೇ ಪ್ರಾಧ್ಯಾಪಕನಾಗಿ 1625ರಲ್ಲಿ ತೀರಿಕೊಂಡವನು. ಪರಊರಿನಲ್ಲಿ ನೌಕರಿ ಹಿಡಿದ ನಮ್ಮ ಪೈಕಿಯವನು. ಅವನ ಪುಸ್ತಕ ಹೊರಬಂದದ್ದು ಅವನು ಸತ್ತ ಮೇಲೆ, 1627ರಲ್ಲಿ. ದರ್ಜಿಗಳು ಹೊಲಿಯುವಾಗ ಕಾಲ ಮೇಲೆ ಕಾಲು ಹಾಕಿ ಕೂರಲು ಈ ಸ್ನಾಯುವನ್ನೇ ಹೆಚ್ಚು ಬಳಸುತ್ತಾರೆ, ಅದಕ್ಕೇ ಈ ಹೆಸರು ಅನ್ನುವುದು ಅವನ ವಿವರಣೆ. ಹೊಲಿಗೆ ಯಂತ್ರ ತುಳಿಯುವುದರಿಂದ ಈ ಹೆಸರು ಬಂತೆಂದು ಕೆಲವರು ಹೇಳುವುದುಂಟು. ಯಂತ್ರ ಬಂದದ್ದು 19ನೇ ಶತಮಾನದಲ್ಲಿ, ಹೆಸರು ಅದಕ್ಕಿಂತ ಇನ್ನೂರು ವರ್ಷ ಹಳೆಯದು.

ಸೊಂಟದಲ್ಲಿ ತೊಡೆಯನ್ನು ಮಡಚುವುದು, ಹೊರಕ್ಕೆ ಚಾಚುವುದು, ಹೊರಮುಖವಾಗಿ ತಿರುಗಿಸುವುದು, ಮೊಣಕಾಲನ್ನು ಬಗ್ಗಿಸುವುದು: ಸಾರ್ಟೋರಿಯಸ್ ಮಾಡುವ ಈ ನಾಲ್ಕನ್ನೂ ಒಟ್ಟಿಗೆ ಮಾಡಿದರೆ ಚಕ್ಕಳಮಕ್ಕಳ ಆಗುತ್ತದೆ. ಫ್ರೆಂಚರು ಹಾಗೆ ಕೂರುವುದಕ್ಕೆ ಇವತ್ತಿಗೂ ದರ್ಜಿಯಂತೆ ಕೂರುವುದು ಅನ್ನುತ್ತಾರೆ, ಜರ್ಮನರದೂ ದರ್ಜಿಯ ಆಸನವೇ. ಕುರ್ಚಿಯ ನಾಡಿನಲ್ಲಿ ಕಾಲು ಮಡಚಿ ಕೂತವನು ಕಣ್ಣಿಗೆ ಬೀಳುತ್ತಿದ್ದ. ಕಿಟಕಿಯ ಪಕ್ಕದ ಮೇಜಿನ ಮೇಲೇರಿ, ಬಟ್ಟೆ ನೆಲಕ್ಕೆ ತಾಗಿ ಕೊಳೆಯಾಗದಂತೆ ತೊಡೆಯ ಮೇಲೆ ಹರಡಿಕೊಂಡು ಅವನು ಹೊಲಿಯುತ್ತಿದ್ದ. ನಮ್ಮಲ್ಲಾಗಿದ್ದರೆ ಈ ಹೆಸರು ಯಾರಿಗೂ ಹೊಳೆಯುತ್ತಿರಲಿಲ್ಲ. ಊಟಕ್ಕೆ ಕೂತವರು, ಭಜನೆಗೆ ಕೂತವರು, ಪಂಚಾಯ್ತಿಗೆ ಕೂತವರು ಎಲ್ಲರೂ ಹಾಗೆಯೇ ಕೂರುವ ಊರಿನಲ್ಲಿ ಅದು ದರ್ಜಿಯೊಬ್ಬನ ಭಂಗಿ ಹೇಗಾದೀತು?

ಇಷ್ಟಾದರೆ ಇದು ಒಂದು ಚೆಂದದ ವಿಷಯ, ಅಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೂ ಒಂದು ಮೆಟ್ಟಿಲು ಕೆಳಗಿತ್ತು. ಲ್ಯಾಟಿನ್ನಿನ ಸಾರ್ಟೋರ್ ಅನ್ನುವ ಮಾತು ಸಾರ್ಕಿರೆ ಅನ್ನುವ ಕ್ರಿಯಾಪದದಿಂದ ಬಂದದ್ದು. ಅದರರ್ಥ ಹೊಲಿಯುವುದಲ್ಲ, ಹರಿದದ್ದನ್ನು ಸರಿಮಾಡುವುದು, ತೇಪೆ ಹಾಕುವುದು. ಅಂದರೆ ಸಾರ್ಟೋರ್ ಮೂಲದಲ್ಲಿ ಹೊಸ ಬಟ್ಟೆ ಹೊಲಿಯುವವನಲ್ಲ, ತೇಪೆಗಾರ. ನಮ್ಮ ಸಾಫ್ಟ್‌ವೇರಿನವರ ಭಾಷೆಯಲ್ಲಿ ಪ್ಯಾಚ್ ಬಿಡುಗಡೆ ಮಾಡುವವನು. ಕಳೆದ ಇಪ್ಪತ್ತು ವರ್ಷಗಳಲ್ಲಿ ನಾನು ಹೊಸದಾಗಿ ಕಟ್ಟಿದ್ದಕ್ಕಿಂತ ತೇಪೆ ಹಾಕಿದ್ದೇ ಹೆಚ್ಚು. ಅಪ್ಪ-ಮಗ ಇಬ್ಬರೂ ಒಂದೇ ಕಸುಬಿನವರು ಅನ್ನಿಸಿ ನಗು ಬಂತು.

ಆ ಕ್ರಿಯಾಪದಕ್ಕೆ ಇನ್ನೊಂದು ಬಳಕೆಯೂ ಇತ್ತು. ರೋಮನ್ನರ ಹಳೆಯ ಕಾನೂನಿನಲ್ಲಿ, ಒಬ್ಬನಿಂದ ಇನ್ನೊಬ್ಬನಿಗೆ ಹಾನಿಯಾದರೆ ಆ ಹಾನಿಯನ್ನು ತುಂಬಿಕೊಡು ಅನ್ನುವುದಕ್ಕೂ ಇದೇ ಮಾತು. ಬಟ್ಟೆಯ ತೂತು ಮುಚ್ಚುವುದಕ್ಕೂ ಇನ್ನೊಬ್ಬನಿಗೆ ಮಾಡಿದ ನಷ್ಟ ಕಟ್ಟಿಕೊಡುವುದಕ್ಕೂ ಒಂದೇ ಶಬ್ದ ಸಾಕಾಗಿತ್ತು ಅವರಿಗೆ. ನಮ್ಮ ತೊಡೆಯೊಳಗೆ ಸೊಂಟದಿಂದ ಮೊಣಕಾಲಿನವರೆಗೆ ಮಲಗಿರುವುದು ಆ ಶಬ್ದದ ಮೊಮ್ಮಗ.

ಇದನ್ನೆಲ್ಲ ಒಂದು ಭಾನುವಾರ ಅಪ್ಪನಿಗೆ ಹೇಳಿದೆ. ಲ್ಯಾಟಿನ್ ಸಂಗತಿಗಳಿಗೆ ಹೂಂ ಅಂದ. ದರ್ಜಿಯ ಹೆಸರು ಎಲ್ಲರ ಕಾಲಲ್ಲಿ ಐತಿ ಅಂದಾಗ ತೊಡೆ ಮುಟ್ಟಿ ನೋಡಿಕೊಂಡ. ತೇಪೆಯ ಮಾತು ಬಂದಾಗ ಸುಮ್ಮನಾದ. ಆಮೇಲೆ, ನಾನು ಕೇಳದೆಯೇ, ಆ ಫಾರ್ಮು ಯಾಕೆ ತಂದೆ ಅನ್ನುವುದನ್ನು ಹೇಳಿದ.

ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಅಂಗಡಿಯ ಮೂಲೆಯ ಗೋಣಿತಟ್ಟಿನ ಮೇಲೆ ಅಪ್ಪನ ಪಕ್ಕ ಇನ್ನೊಬ್ಬ ಕೂರುತ್ತಿದ್ದ. ರಾಯಚೂರು ಕಡೆಯಿಂದ ಬಂದವನು, ಇಪ್ಪತ್ತರ ಆಸುಪಾಸು. ಅವನೂ ಕಾಜಾ ಮಾಡುವವನೇ, ಅಂಗಡಿಯಲ್ಲಿ ಎಲ್ಲರೂ ಅವನನ್ನು ಕಾಜಾ ಅಂತಲೇ ಕರೆಯುತ್ತಿದ್ದರು. ರಾತ್ರಿ ಅಂಗಡಿಯಲ್ಲೇ ಮಲಗುತ್ತಿದ್ದ. ಒಂದು ಜೂನ್ ತಿಂಗಳಲ್ಲಿ ಕಾಮಾಲೆಯಾಗಿ ಮೇಲೇಳದಂತಾದಾಗ ಯಾರೋ ಬಸ್ಸಿನಲ್ಲಿ ಕರೆದೊಯ್ದು ಪಕ್ಕದ ದೊಡ್ಡ ಊರಿನ ಸರಕಾರಿ ಆಸ್ಪತ್ರೆಗೆ ಸೇರಿಸಿ ಬಂದರು. ಶಾಲೆ ಶುರುವಾಗುವ ಹೊತ್ತು, ಯೂನಿಫಾರ್ಮಿನ ಕೆಲಸ ಮೈಮೇಲೆ ಬಿದ್ದಿತ್ತು. ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ ಅಪ್ಪ ಹೋದದ್ದು ಎರಡು ವಾರದ ಮೇಲೆ. ಅಷ್ಟರಲ್ಲಿ ಅವನು ಸತ್ತಿದ್ದ. ವಾರಸುದಾರರು ಯಾರೂ ಬರಲಿಲ್ಲ, ಹೆಣವನ್ನು ಕಲಿಯುವ ಹುಡುಗರಿಗೆ ಕೊಟ್ಟಾಯಿತು ಅಂದರು. ನೀನು ಏನಾಗಬೇಕು ಅಂತ ಅಲ್ಲಿನ ಗುಮಾಸ್ತ ಕೇಳಿದ. ಜೊತೆಗೆ ಕೆಲಸ ಮಾಡುತ್ತಿದ್ದೆವು ಅಂದ ಅಪ್ಪ. ಪೂರ್ತಿ ಹೆಸರೇನು ಅವನದು ಅಂತ ಕೇಳಿದ. ಅಪ್ಪನಿಗೆ ಗೊತ್ತಿರಲಿಲ್ಲ.

"ಮೂರು ವರ್ಷ ಒಂದ ತಟ್ಟಿನ ಮ್ಯಾಲೆ ಕುಂತಿದ್ವಿ. ಹೆಸರ ಕೇಳಿರಲಿಲ್ಲ ನೋಡು ನಾ."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಅಪ್ಪ ಅವ್ವನಿಗಾದರೂ ಹೇಳಿದ್ದನೋ ಇಲ್ಲವೋ. ನನಗೆ ಹೇಳಿದ್ದು ಅದೇ ಮೊದಲು.

ಅಲ್ಲಿಂದ ನನ್ನ ಓದಿನ ದಿಕ್ಕು ಬದಲಾಯಿತು. ಅಲ್ಲಿಯವರೆಗೆ ಹೆಸರಿಟ್ಟವರ ಬಗ್ಗೆ ಓದುತ್ತಿದ್ದೆ. ಈಗ ಮೇಜಿನ ಮೇಲೆ ಮಲಗಿದವರು ಯಾರು ಅಂತ ಹುಡುಕಿದೆ. ಬೊಲೋನ್ಯ ವಿಶ್ವವಿದ್ಯಾಲಯದ 1442ರ ನಿಯಮದಲ್ಲಿ, ಕೊಯ್ಯಲು ಕೊಡುವ ದೇಹ ಊರಿನಿಂದ ಕನಿಷ್ಠ 30 ಮೈಲಿ ಆಚೆಯವನದಾಗಿರಬೇಕು ಎಂದಿತ್ತು. ವೆಸಾಲಿಯಸ್‌ನ ಪಾದುವಾದಲ್ಲಿ ಗಲ್ಲಿಗೇರಿದವರ ದೇಹಗಳು ಮೇಜಿಗೆ ಬರುತ್ತಿದ್ದವು. ಊರಿನವನಾದರೆ ಅಳುವವರು, ಅಡ್ಡ ಬರುವವರು, ಮಣ್ಣು ಮಾಡಲು ಕೇಳುವವರು ಇರುತ್ತಾರೆ. 30 ಮೈಲಿ ಆಚೆಯವನಿಗೆ ಯಾರಿದ್ದಾರೆ? ಈ ಪತ್ರಿಕೆ ಓದುವ ನಾವೆಲ್ಲ 30 ಮೈಲಿ ಆಚೆಯವರೇ ಅನ್ನುವುದು ಆ ಸಾಲಿನ ಮುಂದೆ ಕೂತಾಗ ಹೊಳೆಯಿತು. ನಮ್ಮ ಜೇಬಿನಲ್ಲಿ ಐಡಿ ಕಾರ್ಡು, ಇನ್ಶೂರೆನ್ಸು, ವಾಟ್ಸಾಪ್ ಗುಂಪು ಇವೆ. ನಮ್ಮ ಕಟ್ಟಡದ ಎದುರು ಸೆಂಟ್ರಿಂಗ್ ಹಲಗೆ ಹೊರುವ ನಮ್ಮ ಕಲಬುರಗಿ ಕಡೆಯ ಹುಡುಗರಿಗೆ ಅವೆಲ್ಲ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲಿ ಕೊಲೆಗಾರರ ದೇಹ ಕೊಯ್ಯುವುದು ಶಿಕ್ಷೆಯ ಭಾಗವೇ ಆಗಿತ್ತು. ಅದು ಸಾಲದೆ ಗೋರಿ ಅಗೆದು ಹೆಣ ಮಾರುವವರು ಹುಟ್ಟಿಕೊಂಡರು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬ ಇಬ್ಬರು ಮಾರಲೆಂದೇ 16 ಜನರನ್ನು ಕೊಂದದ್ದು ಬಯಲಾಯಿತು. ಅದಾದ ಮೇಲೆ 1832ರ ಅಂಗರಚನಾ ಕಾಯ್ದೆ ಬಂತು. ಅನಾಥಾಲಯ, ಆಸ್ಪತ್ರೆಗಳಲ್ಲಿ ಸತ್ತು ಯಾರೂ ಕೇಳದ ಬಡವರ ದೇಹ ಇನ್ನು ಮುಂದೆ ವೈದ್ಯ ಶಾಲೆಗಳಿಗೆ. ಕೊಲೆಗೆ ಇದ್ದ ಶಿಕ್ಷೆ ಬಡತನಕ್ಕೆ ವರ್ಗವಾಯಿತು.

1858ರಲ್ಲಿ ಲಂಡನ್ನಿನಲ್ಲಿ ಹೊರಬಂದ ಗ್ರೇಸ್ ಅನಾಟಮಿಯ ಹೆಸರು ಕೇಳದ ವೈದ್ಯರಿಲ್ಲ. ಅದರ 363 ಚಿತ್ರಗಳನ್ನು ಬರೆದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಅವರಿಬ್ಬರ ಮೇಜಿಗೆ ಬಂದ ದೇಹಗಳೂ ಆ ಕಾಯ್ದೆಯ ದಾರಿಯಲ್ಲೇ ಬಂದವು. ಕಾರ್ಟರನ ಚಿತ್ರಗಳ ವಿಶೇಷವೆಂದರೆ ಅಂಗದ ಹೆಸರನ್ನು ಅವನು ಪಕ್ಕದಲ್ಲಿ ನಂಬರು ಹಾಕಿ ಕೊಡಲಿಲ್ಲ, ಅದರ ಮೈಮೇಲೆಯೇ ಬರೆದ. ಪುಸ್ತಕ ಅಚ್ಚಾದ ವರ್ಷವೇ ಅವನು ಮುಂಬೈಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಕಲಿಸತೊಡಗಿದ. ಪುಸ್ತಕಕ್ಕೆ ಗ್ರೇಯ ಹೆಸರು ಉಳಿಯಿತು, ಕಾರ್ಟರನನ್ನು ನೆನೆಯುವವರು ಕಡಿಮೆ. ಚಿತ್ರದೊಳಗೆ ಮಲಗಿದವರನ್ನು ನೆನೆಯುವವರೇ ಇಲ್ಲ. ಅವರ ಪ್ರತಿಯೊಂದು ಸ್ನಾಯುವಿನ ಮೈಮೇಲೂ ಹೆಸರಿದೆ, ಅವರಿಗೆ ಮಾತ್ರ ಇಲ್ಲ.

ನಮ್ಮಲ್ಲೂ ಕಾನೂನು ಇದೇ ದಾರಿ ಹಿಡಿಯಿತು. ಮುಂಬೈ ಪ್ರಾಂತ್ಯದ್ದು 1949ರ ಕಾಯ್ದೆ, ನಮ್ಮ ರಾಜ್ಯದ್ದು 1957ರದ್ದು. ಸಂಬಂಧಿಕರು ಗೊತ್ತಾದ ಅವಧಿಯಲ್ಲಿ ಬಂದು ಕೇಳದಿದ್ದರೆ ದೇಹ ಕಾಲೇಜಿಗೆ ಹೋಗಬಹುದು. ಸುಶ್ರುತನೂ ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿಟ್ಟು, ಏಳು ರಾತ್ರಿಯ ಬಳಿಕ ಪದರ ಪದರವಾಗಿ ನೋಡಿ ಕಲಿಯಬೇಕು ಅನ್ನುತ್ತಾನೆ. ವಿಷ ತಿಂದದ್ದಾಗಿರಬಾರದು, ಬಹುಕಾಲ ರೋಗದಿಂದ ನರಳಿದ್ದಾಗಿರಬಾರದು ಅಂತ ದೇಹದ ಲಕ್ಷಣಗಳನ್ನು ಎಣಿಸುತ್ತಾನೆ. ಯಾರದು, ಯಾರನ್ನು ಕೇಳಿ ತಂದದ್ದು ಅನ್ನುವುದು ಆ ಎಣಿಕೆಯಲ್ಲಿಲ್ಲ.

ಈ ಕಲಿಕೆ ಬೇಡವಾಗಿತ್ತು ಅಂತ ನಾನು ಹೇಳಲಾರೆ. ನನ್ನ ಮೊಣಕಾಲು ನೆಟ್ಟಗಾದದ್ದು, ಅವ್ವನಿಗೆ ಎರಡು ಸಲ ಆಪರೇಷನ್ ಆಗಿ ಆರು ವರ್ಷ ಆಯುಷ್ಯ ಸಿಕ್ಕಿದ್ದು, ನನ್ನ ಮಗಳು ಸಿಸೇರಿಯನ್ ಆಗಿ ಹುಟ್ಟಿದ್ದು ಎಲ್ಲ ಆ ಮೇಜಿನ ಕಲಿಕೆಯಿಂದಲೇ. ಕಾಜಾ ಅನ್ನುವವನ ದೇಹದಿಂದ ಕಲಿತ ಹುಡುಗರು ಎಷ್ಟು ಜೀವ ಉಳಿಸಿದ್ದಾರೋ. ಹಾಗಾದರೆ ಕೇಳಿ ಪಡೆಯದೆ ತೆಗೆದುಕೊಂಡದ್ದರ ಋಣ ಏನಾಗುತ್ತದೆ? ಕೊಟ್ಟವನಿಗೆ ಹಿಂದಿರುಗಿಸಲು ಬರುವುದಿಲ್ಲ, ಅವನಿಲ್ಲ. ಅವನ ಮಕ್ಕಳಿಗೆ ಕೊಡೋಣವೆಂದರೆ ಅವನಿಗೆ ಯಾರೂ ಇರಲಿಲ್ಲವೆಂಬ ಕಾರಣಕ್ಕೇ ಅವನನ್ನು ತೆಗೆದುಕೊಂಡದ್ದು. ಋಣ ತೀರಿಸು ಅನ್ನುವ ನಮ್ಮ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹೆಸರು ಕೊಡುವುದೇ ಒಂದು ತೀರುವಳಿ ಅನ್ನಬಹುದೇ? ನೋಡಿ, ಆ ದೊಡ್ಡ ವಿದ್ವಾಂಸರು ಬಡ ದರ್ಜಿಯೊಬ್ಬನನ್ನು ದೇಹದ ಅತಿ ಉದ್ದದ ಸ್ನಾಯುವಿನಲ್ಲಿ ಶಾಶ್ವತವಾಗಿಟ್ಟರು ಅಂತ ಹಿಗ್ಗಬಹುದು. ಮೊದಲ ರಾತ್ರಿ ನಾನೂ ಹಿಗ್ಗಿದ್ದೆ. ಆದರೆ ಅದು ಕಸುಬಿನ ಹೆಸರು, ಮನುಷ್ಯನದಲ್ಲ. ಕಾಜಾ ಅನ್ನುವುದೂ ಅಂಥದ್ದೇ. ಮರುದಿನ ಆಫೀಸಿನಲ್ಲಿ ಪ್ರಾಜೆಕ್ಟ್ ಪ್ಲಾನ್ ತೆರೆದೆ. ಸೀನಿಯರ್ ಡೆವಲಪರ್ 1, ಸೀನಿಯರ್ ಡೆವಲಪರ್ 2, ಟೆಸ್ಟರ್ 3. ವೆಸಾಲಿಯಸ್‌ನ ನಂಬರುಗಳೂ ಸ್ಪೀಗೆಲ್‌ನ ಕಸುಬೂ ಒಂದೇ ಕಾಲಮ್ಮಿನಲ್ಲಿದ್ದವು. ಅದರಲ್ಲಿ ಇಬ್ಬರ ಪೂರ್ತಿ ಹೆಸರು ನನಗೂ ತಕ್ಷಣ ನೆನಪಾಗಲಿಲ್ಲ.

ಇದರ ಅತಿ ಕಠಿಣ ರೂಪ ವಿಯೆನ್ನಾದ್ದು. ಅಲ್ಲಿನ ಅಂಗರಚನಾ ತಜ್ಞ ಎಡುಆರ್ಡ್ ಪೆರ್ನ್‌ಕೋಫ್ ನಾಜಿ ಪಕ್ಷದವನು. ಅವನ ಚಿತ್ರಸಂಪುಟದ ಮೊದಲ ಭಾಗ 1937ರಲ್ಲಿ ಬಂತು. ಅಷ್ಟು ಸೂಕ್ಷ್ಮವಾದ ಚಿತ್ರಗಳು ಬೇರೆಲ್ಲೂ ಸಿಗುವುದಿಲ್ಲವೆಂದು ಶಸ್ತ್ರವೈದ್ಯರು ದಶಕಗಳ ಕಾಲ ಅದನ್ನು ಬಳಸಿದರು. ಕೆಲವು ಕಲಾವಿದರು ಸಹಿಯ ಜೊತೆ ಸ್ವಸ್ತಿಕ ಬರೆದಿದ್ದರು. ಮುಂದಿನ ಮುದ್ರಣಗಳಲ್ಲಿ ಅದನ್ನು ನಯವಾಗಿ ಅಳಿಸಲಾಯಿತು. ಕೊನೆಗೆ ವಿಯೆನ್ನಾ ವಿಶ್ವವಿದ್ಯಾಲಯವೇ ತನಿಖೆ ನಡೆಸಿ 1998ರಲ್ಲಿ ವರದಿ ಕೊಟ್ಟಿತು: ನಾಜಿ ಆಳ್ವಿಕೆಯಲ್ಲಿ ಮರಣದಂಡನೆಗೆ ಗುರಿಯಾದ ಕನಿಷ್ಠ 1,377 ಜನರ ದೇಹಗಳು ಆ ವಿಭಾಗಕ್ಕೆ ಬಂದಿದ್ದವು. ಆ ಚಿತ್ರ ನೋಡಿ ಇಂದು ರೋಗಿಯೊಬ್ಬನ ನರ ಉಳಿಸಬಹುದಾದರೆ ನೋಡಬೇಕೇ, ಬೇಡವೇ? ಬಾಲ್ಯದಲ್ಲಿ ನಾಜಿ ಶಿಬಿರದಿಂದ ಬದುಕಿ ಬಂದ ಯಹೂದಿ ಧರ್ಮಗುರು ಜೋಸೆಫ್ ಪೋಲಾಕ್ 2017ರಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ಜೀವ ಉಳಿಸಲು ನೋಡಬಹುದು, ಆದರೆ ಅದು ಎಲ್ಲಿಂದ ಬಂತೆಂಬುದು ರೋಗಿಯೂ ಸೇರಿ ಎಲ್ಲರಿಗೂ ಗೊತ್ತಿರಬೇಕು.

ಇದನ್ನು ಅಪ್ಪನಿಗೆ ಹೇಳಿದಾಗ ಅವನು ತನ್ನ ಕಸುಬಿನ ಮಾತಿನಲ್ಲಿ ಹಿಡಿದ. ಶ್ರೀಮಂತರ ಸೂಟಿಗೆ ಇಲಿ ಕಡಿದರೆ ರಫೂ ಮಾಡಿಸುತ್ತಾರೆ, ಅದೇ ಬಟ್ಟೆಯ ಅಂಚಿನಿಂದ ನೂಲೆಳೆದು, ಅದೇ ನೇಯ್ಗೆಯಲ್ಲಿ ತುಂಬಿ. "ರಫೂ ಅಂದ್ರ ತೂತು ಇತ್ತು ಅನ್ನೂದ ಗೊತ್ತಾಗಬಾರದು. ತ್ಯಾಪಿ ಹಂಗಲ್ಲ. ಇಲ್ಲಿ ಹರದಿತ್ತು, ಹಚ್ಚೀನಿ ಅಂತ ಹೇಳತೈತಿ." ಕನ್ನಡದಲ್ಲಿ ತೇಪೆ ಹಾಕುವುದು ಅಂದರೆ ಬೈಗುಳ, ಅರೆಮನಸ್ಸಿನ ಕೆಲಸ. ಅಪ್ಪನ ಮಾತು ಕೇಳಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಸ್ವಸ್ತಿಕ ಅಳಿಸಿದ್ದು ರಫೂ. ಎಲ್ಲಿಂದ ಬಂತೆಂದು ಹೇಳಿ ತೆರೆಯುವುದು ತೇಪೆ. ಬಟ್ಟೆ ಮೊದಲಿನಂತಾಗುವುದಿಲ್ಲ ಅನ್ನುವುದನ್ನು ತೇಪೆ ಒಪ್ಪಿಕೊಂಡಿರುತ್ತದೆ.

ಆದರೂ ನಾನು ಸಹಿ ಮಾಡಲಿಲ್ಲ. ನನ್ನ ತಕರಾರು ಬೇರೆ ಇತ್ತು, ಅದು ಸುಳ್ಳು ತಕರಾರಲ್ಲ ಅಂತ ಈಗಲೂ ಅನ್ನಿಸುತ್ತದೆ. ಆರುನೂರು ವರ್ಷ ಬಡವರ ದೇಹವೇ ಮೇಜಿಗೆ ಹೋಗಿದೆ. ನಲವತ್ತು ವರ್ಷ ಬೆನ್ನು ಬಗ್ಗಿಸಿ ಊರವರ ಬಟ್ಟೆ ಹೊಲಿದವನು ಸತ್ತ ಮೇಲೂ ಯಾಕೆ ಕೊಡಬೇಕು? ಈ ಸಲ ಸೂಟು ಹೊಲಿಸಿಕೊಂಡವರು ಹೋಗಲಿ. ನನ್ನ ಅಪ್ಪನಿಗೆ ಊರಿನಲ್ಲಿ, ಅವ್ವನ ಪಕ್ಕ, ನಾಲ್ಕು ಜನರ ಮುಂದೆ ಮಣ್ಣು ಕೊಡುತ್ತೇನೆ. ಹೀಗೆ ದೊಡ್ಡದಾಗಿ ಹೇಳಿದೆ. ಇದರೊಳಗೆ ಊರಿನವರು ಏನಂತಾರೆ ಅನ್ನುವ ಅಂಜಿಕೆಯೂ ಅರ್ಧ ಪಾಲು ಇತ್ತು, ಅದನ್ನು ಹೇಳಲಿಲ್ಲ.

ಅಪ್ಪ ಸಿಟ್ಟಾಗಲಿಲ್ಲ. "ಅಂವಾ ಹ್ವಾದದ್ದು ಯಾರೂ ಕೇಳಲಿಲ್ಲಂತ. ನಾ ಹೋಗೂದು ನಾನ ಹೇಳಿ, ಹೆಸರ ಬರದು. ಎರಡೂ ಒಂದ ಏನೋ?" ಅಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದ: "ತ್ಯಾಪಿಗೆ ಬಟ್ಟಿ ಬೇಕೋ ತಮ್ಮಾ. ಬರೇ ದಾರದಾಗ ಆಗಂಗಿಲ್ಲ."

ಅಲ್ಲಿ ನನ್ನ ವಾದ ನಿಂತಿತು. ನಾನು ಇಷ್ಟು ದಿನ ದಾರದ ಬಗ್ಗೆ ಯೋಚಿಸುತ್ತಿದ್ದೆ. ಹೆಸರು ಹೇಳುವುದು, ಮೂಲ ತಿಳಿಸುವುದು, ಲೇಖನ ಬರೆಯುವುದು ಎಲ್ಲ ದಾರ. ಬೇಕು, ಆದರೆ ಹೇಳುವವನಿಗೆ ಅದರಿಂದ ಹೋಗುವುದೇನೂ ಇಲ್ಲ. ತೂತು ಮುಚ್ಚಲು ಯಾರಾದರೂ ತಮ್ಮ ಬಟ್ಟೆಯಿಂದ ಒಂದು ತುಂಡು ಕತ್ತರಿಸಿ ಕೊಡಬೇಕು. ಆ ರಾಯಚೂರಿನ ಹುಡುಗನಿಗೆ ಇದು ಮುಟ್ಟುವುದಿಲ್ಲ ಅನ್ನುವುದು ಅಪ್ಪನಿಗೂ ಗೊತ್ತು. ಆದರೆ ತಾನೇ ಹೇಳಿ ಹೋಗುವವರು ಸಾಕಷ್ಟು ಸಿಕ್ಕರೆ, ಇನ್ನೊಬ್ಬ ಕಾಜಾನನ್ನು ಕೇಳದೆ ಎಳೆದುಕೊಳ್ಳುವ ಅಗತ್ಯ ಬೀಳುವುದಿಲ್ಲ. ಹಾನಿಯಾದ ಬಟ್ಟೆಗೆ ಹಾಕಲಾಗದ ತೇಪೆಯನ್ನು ಮುಂದೆ ಹರಿಯಬಹುದಾದ ಜಾಗಕ್ಕೆ ಹಾಕುವುದು.

ಇಂಥದ್ದು ನಮ್ಮ ನಾಡಿನಲ್ಲಿ ನಡೆದಿದೆ. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನು, ತಂದೆಯದೇ ಇಚ್ಛೆಯಂತೆ, ವಿದ್ಯಾರ್ಥಿಗಳ ಮುಂದೆ ತಾವೇ ಕೊಯ್ದು ಕಲಿಸಿದರು. ಆ ಮೇಜಿನ ಮೇಲೆ ಮಲಗಿದವರಿಗೆ ಹೆಸರಿತ್ತು, ಊರಿತ್ತು, ಮಗನಿದ್ದ. ನನಗೆ ಅಂಥ ಎದೆಗಾರಿಕೆ ಇಲ್ಲ. ನನ್ನನ್ನು ಕೇಳಿದ್ದು ಒಂದು ಸಹಿ ಮಾತ್ರ.

ಗಣಪತಿ ಹಬ್ಬದ ಹಿಂದಿನ ದಿನ ಬಿಲ್ಲುಗಳ ಕೆಳಗಿನಿಂದ ಫಾರ್ಮು ತೆಗೆದು ಸಹಿ ಮಾಡಿದೆ. ಅಪ್ಪ ಅವ್ವನ ಕೌದಿ ಕಾಲ ಮೇಲೆ ಹೊದ್ದು ಸೋಫಾದಲ್ಲಿ ಕೂತಿದ್ದ. ಆ ಕೌದಿಯಲ್ಲಿ ಅಜ್ಜಿಯ ಇಳಕಲ್ ಸೀರೆ, ನನ್ನ ಶಾಲೆಯ ಚಡ್ಡಿ, ಅತ್ತೆಯ ಕುಪ್ಪಸ ಎಲ್ಲಿವೆ ಅಂತ ಅವನು ಕೈಯಿಟ್ಟು ತೋರಿಸಬಲ್ಲ. ಫಾರ್ಮು ಇಸಿದುಕೊಂಡು ಕನ್ನಡಕ ಹಾಕಿ ನೋಡಿದ. ನನ್ನ ಸಹಿ ಆಫೀಸಿನಲ್ಲಿ ಗೀಚುವ ಎರಡು ಗೆರೆ.

"ಹೆಸರ ಪೂರ್ತಿ ಬರಿ" ಅಂದ.

ಬರೆದೆ. ಫಾರ್ಮು ಕೊಡಲು ಹೋದಾಗ ಅಲ್ಲಿನವರು ಇನ್ನೊಂದು ಖಾಲಿ ಫಾರ್ಮು ನನ್ನ ಕೈಗಿಟ್ಟರು. ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದನ್ನು ಇನ್ನೂ ತುಂಬಿಲ್ಲ. ಯಾಕೆ ಅಂತ ಅಪ್ಪ ಕೇಳಿಲ್ಲ. ನಾನೇ ಕೇಳಿಕೊಳ್ಳುತ್ತಿದ್ದೇನೆ.